ಹುಳುಕು ಎಲ್ಲಿದೆ, ತೂಕ ಎಷ್ಟಿದೆ: ಇಸ್ರೇಲ್ ಪರ ಎನ್ನುವ ರಿಪಬ್ಲಿಕನ್ ಅಭ್ಯರ್ಥಿಯನ್ನು ಅಳೆಯುವ ಬಗೆ

2012ರ ಜನವರಿ. ಆಲ್ದೂರಿನ ಹತ್ತಿರದ ನಮ್ಮ ಮೂರು ಎಕರೆ ಕಾಫಿ ತೋಟದಲ್ಲಿ ಕೊಯ್ಲು ನಡೆದಿತ್ತು. ಬೆಳಿಗ್ಗೆ ಏಳಕ್ಕೆ ಕಣದಲ್ಲಿ ಹಣ್ಣು ಹರಡುತ್ತಿದ್ದಾಗ ಫೋನ್ ಬಂತು. ತಂಗಿಯ ಮಗಳು, ನನಗೆ ಸೊಸೆ, ಅಮೆರಿಕದ ಫ್ಲಾರಿಡಾದಿಂದ. ಅವಳಿಗೆ ಆಗ ಹಿಂದಿನ ದಿನದ ರಾತ್ರಿ ಎಂಟೂವರೆ.

“ಮಾವ, ಇದೇ ತಿಂಗಳು 31ಕ್ಕೆ ಇಲ್ಲಿ ರಿಪಬ್ಲಿಕನ್ ಪಕ್ಷದ ಪ್ರೈಮರಿ, ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿ ಆರಿಸೋ ಓಟು. ನನ್ನ ಮೊದಲ ಓಟು. ನಿಂತವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಇಸ್ರೇಲ್ ನಮ್ಮ ಪ್ರಾಣ ಅಂತಾರೆ. ನೋಡಿದರೆ ಎಲ್ಲರಲ್ಲೂ ಏನೋ ಒಂದು ಹುಳುಕು. ಹೇಗೆ ಆರಿಸೋದು?”

ಅವಳು ಮತ್ತು ಗಂಡ ಅಲ್ಲಿ ಔಷಧಿ ಅಂಗಡಿ ನಡೆಸುತ್ತಾರೆ. ತೆರಿಗೆ ಕಡಿಮೆ ಇರಲಿ, ಸರ್ಕಾರ ಅಂಗಡಿಯೊಳಗೆ ಜಾಸ್ತಿ ಕೈ ಹಾಕದಿರಲಿ ಅನ್ನುವವರು. ಅವರ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಯಹೂದಿ ಹೆಂಗಸಿನ ಅಕ್ಕ ಇರುವುದು ಇಸ್ರೇಲಿನ ಅಶ್ಕೆಲೋನ್‌ನಲ್ಲಿ, ಗಾಜಾ ಗಡಿಗೆ ಹತ್ತಿರ. ರಾಕೆಟ್ ಬರುವಾಗ ಸೈರನ್ ಕೂಗುತ್ತದೆ, ಮಕ್ಕಳನ್ನು ಎತ್ತಿಕೊಂಡು ಓಡಬೇಕು. ಹಾಗಾಗಿ ನಮ್ಮ ಹುಡುಗಿಗೆ ಇಸ್ರೇಲ್ ಎಂದರೆ ಪೇಪರಿನ ಸುದ್ದಿ ಅಲ್ಲ.

ನನಗೆ ಯಾಕೆ ಕೇಳಿದಳು ಎಂದರೆ, ಮೂವತ್ತೊಂದು ವರ್ಷ ನಾನು ಚಿಕ್ಕಮಗಳೂರಿನಲ್ಲಿ ಹಣ್ಣಿನ ಹೊಟ್ಟು ತೆಗೆದು ಬೀಜ ವಿಂಗಡಿಸುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸ್ಯಾಂಪಲ್ ನೋಡುವ ಕೆಲಸ ಮಾಡಿದವನು. ಹುಳುಕು ಎಣಿಸುವುದೇ ನನ್ನ ಅನ್ನ. ಆ ತಿಂಗಳು ಪೂರ್ತಿ ನಾವಿಬ್ಬರೂ ಫೋನಿನಲ್ಲಿ ಕೂತು ಒಂದು ಹಾಳೆ ತಯಾರು ಮಾಡಿದೆವು. ಆಮೇಲೆ ಮಕ್ಕಳು ಅಮೆರಿಕದಲ್ಲಿ ಓಟು ಹಾಕುವ ಬೇರೆ ಮನೆಯವರೂ ಕೇಳಿದರು. ಅದಕ್ಕೆ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಸಣ್ಣ ಕೆಲಸ. ಪ್ರೈಮರಿಯಲ್ಲಿ ಯಾರು ಓಟು ಹಾಕಬಹುದು ಎನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಫ್ಲಾರಿಡಾದಲ್ಲಿ ಆ ಪಕ್ಷದವರು ಎಂದು ಹೆಸರು ನೋಂದಾಯಿಸಿದವರಿಗೆ ಮಾತ್ರ, ಅದೂ ಮತದಾನಕ್ಕೆ 29 ದಿನ ಮೊದಲೇ ಆಗಿರಬೇಕು. ನಮ್ಮ ಹುಡುಗಿ ಡಿಸೆಂಬರಿನಲ್ಲೇ ಮುಗಿಸಿದ್ದಳು. ಇದು ತಪ್ಪಿದರೆ ಮುಂದಿನದೆಲ್ಲ ಸುಮ್ನೆ ಮಾತು.

ಅಧ್ಯಕ್ಷರ ಕೈಯಲ್ಲಿ ಏನಿದೆ

ಹಾಳೆಯ ಮೇಲೆ ಮೊದಲು ಬರೆಯಬೇಕಾದ್ದು ಅಭ್ಯರ್ಥಿಯ ಹೆಸರಲ್ಲ. ಅಮೆರಿಕದ ಅಧ್ಯಕ್ಷರು ತಾವೊಬ್ಬರೇ ಏನು ಮಾಡಬಲ್ಲರು, ಏನು ಮಾಡಲಾರರು ಎನ್ನುವುದನ್ನು ಬರೆದುಕೊಳ್ಳಿ.

ಒಂದು ದೇಶಕ್ಕೆ ಮಾನ್ಯತೆ ಕೊಡುವುದು ಅವರ ಕೈಯಲ್ಲಿದೆ. 1948ರ ಮೇ 14ರಂದು ಇಸ್ರೇಲ್ ಹುಟ್ಟಿದ 11 ನಿಮಿಷಕ್ಕೆ ಆಗಿನ ಅಧ್ಯಕ್ಷ ಟ್ರೂಮನ್ ಮಾನ್ಯತೆ ಕೊಟ್ಟರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ವಿಟೊ ಹಾಕಿಸುವುದು ಅವರ ಕೈಯಲ್ಲಿದೆ. 2016ರ ಡಿಸೆಂಬರಿನಲ್ಲಿ ಒಬಾಮ ಸರ್ಕಾರ ವಿಟೊ ಹಾಕದೆ ಸುಮ್ಮನಿತ್ತು, ಪ್ಯಾಲೆಸ್ತೀನಿಯರು ತಮ್ಮದೆನ್ನುವ ಜಾಗದಲ್ಲಿ ಇಸ್ರೇಲ್ ಕಟ್ಟಿದ ವಸಾಹತುಗಳ ವಿರುದ್ಧದ ನಿರ್ಣಯ ಪಾಸಾಯಿತು. ರಾಯಭಾರ ಕಚೇರಿ ಎಲ್ಲಿರಬೇಕು, ಒಂದು ಒಪ್ಪಂದದಿಂದ ಹೊರಬರಬೇಕೇ, ಯುದ್ಧದ ಹೊತ್ತಿನಲ್ಲಿ ಶಸ್ತ್ರಾಸ್ತ್ರ ಎಷ್ಟು ಬೇಗ ಹೊರಡಬೇಕು, ಇವೂ ಅಷ್ಟೇ.

ಹಣದ ಗಂಟು ಮಾತ್ರ ಕಾಂಗ್ರೆಸ್‌ ಎಂಬ ಅವರ ಸಂಸತ್ತಿನ ಕೈಯಲ್ಲಿದೆ. ಇಸ್ರೇಲಿಗೆ 2019ರಿಂದ 2028ರವರೆಗೆ 38 ಬಿಲಿಯನ್ ಡಾಲರ್ ಎಂದು ಒಬಾಮ ಕಾಲದಲ್ಲಿ ಒಪ್ಪಂದವಾಯಿತು. ಆದರೂ ವರ್ಷ ವರ್ಷ ಅದನ್ನು ಮಂಜೂರು ಮಾಡಬೇಕಾದ್ದು ಕಾಂಗ್ರೆಸ್.

ಇದು ಯಾಕೆ ಬೇಕು? 2011ರ ನವೆಂಬರಿನಲ್ಲಿ ಅಭ್ಯರ್ಥಿಗಳ ಚರ್ಚೆಯಲ್ಲಿ, ಅವರಲ್ಲೊಬ್ಬರಾದ ರಿಕ್ ಪೆರ್ರಿ, ಎಲ್ಲ ದೇಶಗಳ ನೆರವನ್ನೂ ಸೊನ್ನೆಯಿಂದ ಶುರು ಮಾಡುತ್ತೇನೆ ಎಂದರು. ಇಸ್ರೇಲಿಗೂ ಹಾಗೇ ತಾನೇ ಎಂದು ಕೇಳಿದಾಗ ಹೌದು ಎಂದು, ಆಮೇಲೆ ಇಸ್ರೇಲ್ ವಿಶೇಷ ಮಿತ್ರ ಎಂದೂ ಸೇರಿಸಿದರು. ನಮ್ಮ ಹುಡುಗಿ ಗಾಬರಿಯಾಗಿದ್ದಳು. 2007ರಲ್ಲೇ ಬುಷ್ ಕಾಲದಲ್ಲಿ ಹತ್ತು ವರ್ಷಕ್ಕೆ 30 ಬಿಲಿಯನ್ ಎಂದು ಮಾತಾಗಿತ್ತು, ಕಾಂಗ್ರೆಸ್ ಕೊಡುತ್ತಲೂ ಇತ್ತು. ಆ ಮಾತಿಗೆ ಅವಳು ಕೊಟ್ಟಷ್ಟು ತೂಕ ಬೇಕಿರಲಿಲ್ಲ. ವಿಟೊ ಬಗ್ಗೆ ಅವರು ಏನು ಹೇಳಿದ್ದಾರೆ ಹುಡುಕು ಎಂದೆ.

ಹಣ್ಣಿನ ತೂಕ, ಬೀಜದ ತೂಕ

ನಮ್ಮಲ್ಲಿ ಚೆರ್ರಿ ಮಾರುವವರಿಗೆ ಔಟ್‌ಟರ್ನ್ ಗೊತ್ತು. ಐವತ್ತು ಕೆಜಿ ಒಣಗಿದ ರೊಬಸ್ಟಾ ಚೆರ್ರಿ ಕೊಟ್ಟರೆ ಒಳಗಿನ ಬೀಜ ಸಿಗುವುದು 26, 27 ಕೆಜಿ. ಉಳಿದದ್ದು ಹೊಟ್ಟು. ಬೆಲೆ ಕಟ್ಟುವುದು ಬೀಜಕ್ಕೆ. ಚೀಲ ಎಷ್ಟು ಉಬ್ಬಿದೆ ಎಂದು ಯಾರೂ ಕೇಳುವುದಿಲ್ಲ.

ಇಸ್ರೇಲ್ ಬಗ್ಗೆ ಹೇಳುವ ಮಾತಿಗೂ ಔಟ್‌ಟರ್ನ್ ತೆಗೆಯಿರಿ. ಟೆಲ್ ಅವೀವ್‌ನಲ್ಲಿದ್ದ ತನ್ನ ರಾಯಭಾರ ಕಚೇರಿಯನ್ನು ಜೆರುಸಲೇಮಿಗೆ ಸಾಗಿಸಬೇಕು ಎಂದು ಅಮೆರಿಕದ ಕಾಂಗ್ರೆಸ್ 1995ರಲ್ಲೇ ಕಾಯ್ದೆ ಮಾಡಿತು. ಬೇಕಿದ್ದರೆ ಆರು ತಿಂಗಳಿಗೊಮ್ಮೆ ಅಧ್ಯಕ್ಷರು ಅದನ್ನು ಮುಂದೂಡಬಹುದು ಎಂದೂ ಬರೆದಿತ್ತು. 2000ದ ಪ್ರಚಾರದಲ್ಲಿ ಕಿರಿಯ ಬುಷ್ ಸಾಗಿಸುತ್ತೇನೆ ಎಂದರು. ಎಂಟು ವರ್ಷ ಆಳಿದರು. ಆರು ತಿಂಗಳಿಗೊಮ್ಮೆ ಮುಂದೂಡುವ ಕಾಗದಕ್ಕೇ ಸಹಿ ಹಾಕಿದರು. ಹಾಗಾದರೆ 2011ರ ಡಿಸೆಂಬರಿನಲ್ಲಿ ಅಭ್ಯರ್ಥಿ ನ್ಯೂಟ್ ಗಿಂಗ್ರಿಚ್ ಮೊದಲ ದಿನವೇ ಸಹಿ ಹಾಕಿ ಸಾಗಿಸುತ್ತೇನೆ ಎಂದಾಗ ಅದನ್ನು ಎಷ್ಟು ಕೆಜಿ ಎಂದು ಬರೆದುಕೊಳ್ಳಬೇಕು? ನಾವು ಹೊಟ್ಟಿನ ಸಾಲಿಗೆ ಹಾಕಿದೆವು.

ಬೀಜದ ಸಾಲಿಗೆ ಹಾಕಬೇಕಾದ್ದು ಮಾಡಿದ ಕೆಲಸ. ಹಿಂದೆ ಸಂಸದರಾಗಿದ್ದವರಿಗೆ ಮತದ ದಾಖಲೆ ಇರುತ್ತದೆ, ಕಾಂಗ್ರೆಸ್‌ನ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ರಾಜ್ಯಪಾಲರಾಗಿದ್ದವರಿಗೆ ಅಂಥ ದಾಖಲೆ ಕಡಿಮೆ. ಆದರೂ ಸಹಿ ಹಾಕಿದ ಕಾಯ್ದೆಗಳಿರುತ್ತವೆ. ಇಲ್ಲಿ ನನ್ನದೊಂದು ಪ್ರಶ್ನೆ ಇದೆ, ಅದನ್ನು ಬಿಡಬೇಡಿ: ಆ ಕೆಲಸ ಮಾಡಿದ್ದಕ್ಕೆ ಅವರಿಗೆ ಏನಾದರೂ ನಷ್ಟವಾಯಿತೇ? ಇಸ್ರೇಲ್ ಪರ ಸಭೆಯಲ್ಲಿ ಇಸ್ರೇಲನ್ನು ಹೊಗಳುವುದಕ್ಕೆ ಏನೂ ಖರ್ಚಿಲ್ಲ. ಸ್ವಂತ ಪಕ್ಷದವರು, ಹಣ ಕೊಡುವವರು ಮುಖ ಸಿಂಡರಿಸುವಾಗಲೂ ಒಂದು ಮಾತಿಗೆ ನಿಂತವರು ಬೇರೆ. ಯಾರು ಹಣ ಕೊಟ್ಟಿದ್ದಾರೆ ಎಂಬುದನ್ನೂ ನೋಡಿ. 200 ಡಾಲರಿಗಿಂತ ಜಾಸ್ತಿ ಕೊಟ್ಟವರ ಹೆಸರನ್ನು ಅಲ್ಲಿನ ಫೆಡರಲ್ ಚುನಾವಣಾ ಆಯೋಗ ಬಹಿರಂಗ ಮಾಡುತ್ತದೆ.

ಇಸ್ರೇಲಿಗೆ ಒಮ್ಮೆ ಇಲ್ಲ ಎಂದವರೆಲ್ಲ ವಿರೋಧಿಗಳು ಎಂದು ಬರೆದುಬಿಡಬೇಡಿ. 1991ರಲ್ಲಿ ಹಿರಿಯ ಬುಷ್ ಇಸ್ರೇಲಿನ 10 ಬಿಲಿಯನ್ ಡಾಲರ್ ಸಾಲದ ಖಾತರಿಯನ್ನು ವಸಾಹತುಗಳ ಕಾರಣಕ್ಕೆ ತಡೆ ಹಿಡಿದರು. ಅದೇ ವರ್ಷ, ಯಹೂದಿ ರಾಷ್ಟ್ರವಾದ ಎಂದರೆ ಜನಾಂಗ ದ್ವೇಷ ಎಂದು ವಿಶ್ವಸಂಸ್ಥೆ 1975ರಲ್ಲಿ ಮಾಡಿದ್ದ ನಿರ್ಣಯವನ್ನು ಹಿಂದಕ್ಕೆ ತೆಗೆಸಿದವರೂ ಅವರೇ. ಹಾಗೆ ಹಿಂದಕ್ಕೆ ತೆಗೆಯುವುದಕ್ಕೆ ಭಾರತವೂ ಮತ ಹಾಕಿತ್ತು, ಮುಂದಿನ ಜನವರಿಯಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಯಭಾರ ಸಂಬಂಧ ಬೆಳೆಸಿತು. ಒಂದೇ ವರ್ಷ, ಒಬ್ಬರೇ ವ್ಯಕ್ತಿ, ಎರಡು ಲೆಕ್ಕ. ಎರಡನ್ನೂ ಬರೆಯಿರಿ.

ಹುಳುಕನ್ನು ವಿಂಗಡಿಸುವುದು

ಇದು ಕಷ್ಟದ ಭಾಗ. ಇಲ್ಲೇ ಜಾಸ್ತಿ ಜನ ತಪ್ಪುತ್ತಾರೆ. ಇಸ್ರೇಲ್ ಪರ ಇದ್ದಾರೆ ಅಲ್ವಾ, ಉಳಿದದ್ದು ಬಿಡಿ ಎನ್ನುವವರು ಒಂದು ಕಡೆ. ಒಂದು ಹುಳುಕು ಕಂಡ ಕೂಡಲೇ ಇಡೀ ಚೀಲ ಎಸೆಯುವವರು ಇನ್ನೊಂದು ಕಡೆ.

ಸ್ಯಾಂಪಲ್ ಮೇಜಿನ ಮೇಲೆ ನಾವು ಬೀಜಗಳನ್ನು ಬಿಳಿ ಹಾಳೆಯ ಮೇಲೆ ಹರಡುತ್ತಿದ್ದೆವು. ಒಡೆದ ಬೀಜ ಒಂದು ಕಡೆಗೆ. ಅದು ನೋಡಲು ಚೆನ್ನಾಗಿಲ್ಲ, ಬೆಲೆ ಸ್ವಲ್ಪ ಇಳಿಯುತ್ತದೆ, ಆದರೆ ಕಾಫಿಯ ರುಚಿ ಕೆಡುವುದಿಲ್ಲ. ಬೋರರ್ ಹುಳ ಕೊರೆದ ತೂತಿನ ಬೀಜ ಇನ್ನೊಂದು ಕಡೆಗೆ. ಅದನ್ನು ಎಣಿಸಬೇಕು. ನಾಲ್ಕಿದ್ದರೆ ನಡೆಯುತ್ತದೆ, ನಲವತ್ತಿದ್ದರೆ ಇಲ್ಲ. ಮೂರನೆಯದು ಕೊಳೆತ ನಾತದ ಬೀಜ. ನೋಡಲು ಬೇರೆ ಬೀಜಗಳ ಹಾಗೇ ಇರಬಹುದು. ಆದರೆ ಅದೊಂದೇ ಬೀಜ ಸಾಕು, ಇಡೀ ಲೋಟ ಕೆಡಿಸುತ್ತದೆ.

ಅಭ್ಯರ್ಥಿಯ ದೋಷಗಳನ್ನೂ ಈ ಮೂರು ಗುಡ್ಡೆ ಮಾಡಿ. ಪೆರ್ರಿ ವೇದಿಕೆಯ ಮೇಲೆ ತಾವು ಮುಚ್ಚುತ್ತೇನೆ ಎಂದ ಮೂರು ಇಲಾಖೆಗಳಲ್ಲಿ ಮೂರನೆಯದನ್ನು ಮರೆತು ನಿಂತರು. ಜಗತ್ತೆಲ್ಲ ನೋಡಿತು. ನನ್ನ ಲೆಕ್ಕದಲ್ಲಿ ಅದು ಒಡೆದ ಬೀಜ. ಮತ್ತೊಬ್ಬ ಅಭ್ಯರ್ಥಿ ಹರ್ಮನ್ ಕೇನ್ ಇಸ್ರೇಲ್ ಬಗ್ಗೆ ಗಟ್ಟಿಯಾಗಿ ಮಾತಾಡುತ್ತಿದ್ದರು. ಆದರೆ 2011ರ ಮೇನಲ್ಲಿ, ಪ್ಯಾಲೆಸ್ತೀನಿ ನಿರಾಶ್ರಿತರು ತಮ್ಮ ಊರಿಗೆ ಮರಳುವ ಹಕ್ಕಿನ ಬಗ್ಗೆ ಏನಂತೀರಿ ಎಂದು ಕೇಳಿದಾಗ ಅದು ಏನೆಂದೇ ಅವರಿಗೆ ತೋಚಲಿಲ್ಲ. ಆ ಜಗಳದ ನಡುಮನೆಯಲ್ಲೇ ಇರುವ ಪ್ರಶ್ನೆ ಅದು. ಮಾತು ಅಷ್ಟು ಎತ್ತರ, ತಿಳಿವಳಿಕೆ ಇಷ್ಟು ಕಡಿಮೆ ಎಂದರೆ ನಾನು ಅದನ್ನು ಒಡೆದ ಬೀಜ ಎನ್ನಲಾರೆ. ಅದು ತೂತು.

ಇನ್ನೊಬ್ಬ ಅಭ್ಯರ್ಥಿ ಮಿಟ್ ರಾಮ್ನಿ ಮಾತು ಬದಲಿಸುತ್ತಾರೆ ಎಂಬುದು ದೊಡ್ಡ ದೂರಾಗಿತ್ತು. ಗರ್ಭಪಾತದ ವಿಷಯದಲ್ಲಿ ಬದಲಿಸಿದ್ದು ನಿಜ. ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯಪಾಲರಾಗಿ 2006ರಲ್ಲಿ ತಾವೇ ಸಹಿ ಹಾಕಿದ್ದ ಆರೋಗ್ಯ ವಿಮೆ ಕಾಯ್ದೆಯಂಥದ್ದನ್ನೇ ಒಬಾಮ ದೇಶಕ್ಕೆ ತಂದಾಗ ವಿರೋಧಿಸಿದರು. ಇವು ತೂತಿನ ಬೀಜ, ಎಣಿಸಲೇಬೇಕು. ನಾನು ಕೇಳಿದ್ದು ಇಷ್ಟು: ಇಸ್ರೇಲ್ ವಿಷಯದಲ್ಲಿ ಹೀಗೆ ಬದಲಿಸಿದ್ದುಂಟೇ? ಅವಳು ವಾರವಿಡೀ ಹಳೆಯ ಭಾಷಣ ಹುಡುಕಿದಳು. ಅಂಥದ್ದು ಸಿಗಲಿಲ್ಲ. ಅವರ ಹೆಸರಿನ ಕೆಳಗೆ ಹಾಗೇ ಬರೆದೆವು.

ಗಿಂಗ್ರಿಚ್ ವಿಷಯಕ್ಕೆ ನಮ್ಮ ಮನೆಯಲ್ಲೇ ವಾದವಾಯಿತು. ಜನವರಿ 19ರಂದು ಅವರ ಎರಡನೆಯ ಹೆಂಡತಿ ಟೀವಿಯಲ್ಲಿ ಮಾತಾಡಿದ್ದರು. ನನ್ನಾಕೆ ಫೋನ್ ಕಸಿದುಕೊಂಡು, “ಮನೆಯವಳಿಗೆ ನಿಯತ್ತಾಗಿರದವನು ದೂರದ ದೇಶಕ್ಕೆ ಇರ್ತಾನೇನೇ?” ಎಂದು ಸೊಸೆಗೆ ಹೇಳಿದಳು. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನನಗೆ ಅದಕ್ಕಿಂತ ಭಾರ ಅನ್ನಿಸಿದ್ದು 1997ರ ಜನವರಿಯದು. ಆಗ ಅವರು ಕೆಳಮನೆಯ ಸ್ಪೀಕರ್. ನೀತಿ ಸಮಿತಿಗೆ ಸರಿಯಲ್ಲದ ಮಾಹಿತಿ ಕೊಟ್ಟಿದ್ದೂ ಸೇರಿದ ಪ್ರಕರಣದಲ್ಲಿ ಸದನವೇ ಅವರಿಗೆ ಛೀಮಾರಿ ಹಾಕಿ 3 ಲಕ್ಷ ಡಾಲರ್ ಕಟ್ಟಿಸಿತು. 395 ಮತ ಅವರ ವಿರುದ್ಧ, 28 ಪರ. ಅಂದರೆ ಸ್ವಂತ ಪಕ್ಷದವರೂ ವಿರುದ್ಧ ನಿಂತರು. ಕೂತ ಕುರ್ಚಿಗೇ ಸರಿಯಾದ ಲೆಕ್ಕ ಕೊಡದಿರುವುದು ನನ್ನ ಮೂರನೆಯ ಗುಡ್ಡೆ. ಹೆಂಡತಿಗೂ ಕೊನೆಗೆ ಅದೇ ಸರಿ ಅನ್ನಿಸಿತು, ಸ್ವಲ್ಪ ಬೇಸರದಿಂದಲೇ.

ಮೂರನೆಯ ಗುಡ್ಡೆ ಯಾಕೆ ಇಷ್ಟು ಮುಖ್ಯ ಎಂದು ತಿಳಿಯಬೇಕಾದರೆ 1973ರ ಅಕ್ಟೋಬರ್ ನೋಡಿ. ನಾನು ಪ್ರತಿಯೊಬ್ಬರಿಗೂ ಹೇಳುವ ಉದಾಹರಣೆ ಇದು. ಅಕ್ಟೋಬರ್ 6ಕ್ಕೆ ಈಜಿಪ್ಟ್, ಸಿರಿಯಾ ಎರಡೂ ಕಡೆಯಿಂದ ಇಸ್ರೇಲ್ ಮೇಲೆ ಬಿದ್ದವು. ಇಸ್ರೇಲಿನ ಮದ್ದುಗುಂಡು ಮುಗಿಯುತ್ತ ಬಂತು. ಆಗಿನ ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ವಿಮಾನದಲ್ಲಿ ಶಸ್ತ್ರಾಸ್ತ್ರ ಕಳುಹಿಸಿ ಎಂದರು. ಒಂದು ತಿಂಗಳಲ್ಲಿ 22 ಸಾವಿರ ಟನ್ನಿಗಿಂತ ಜಾಸ್ತಿ ಹೋಯಿತು. ಅದಕ್ಕೆ ಸಿಟ್ಟಾಗಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಅಂದರೆ ನಿಕ್ಸನ್ ಮಾಡಿದ ಕೆಲಸಕ್ಕೆ ದೊಡ್ಡ ಬೆಲೆಯೇ ತೆರಬೇಕಾಯಿತು. ಬೀಜದ ಸಾಲಿನಲ್ಲಿ ಇದಕ್ಕಿಂತ ತೂಕದ್ದು ನನಗೆ ಬೇರೆ ಗೊತ್ತಿಲ್ಲ.

ಅದೇ ನಿಕ್ಸನ್ ತಮ್ಮ ಕೋಣೆಯಲ್ಲಿ ಯಹೂದಿಗಳ ಬಗ್ಗೆ ಎಷ್ಟು ಕೀಳಾಗಿ ಮಾತಾಡಿದ್ದರು ಎನ್ನುವುದು ಅವರೇ ಮಾಡಿಸಿದ ಟೇಪುಗಳಲ್ಲಿದೆ. ಆ ಮಾತು ಕೇಳಿದರೆ ಇವರು ಇಸ್ರೇಲಿಗೆ ಒಂದು ಗುಂಡೂ ಕಳುಹಿಸುವುದಿಲ್ಲ ಅನ್ನಿಸುತ್ತದೆ. ಕಳುಹಿಸಿದರು. ಹಾಗಾದರೆ ದೋಷಕ್ಕೂ ಬೆಂಬಲಕ್ಕೂ ಸಂಬಂಧವೇ ಇಲ್ಲವೇ ಎಂದು ಸೊಸೆ ಕೇಳಿದಳು.

ಇದೆ. ಅಕ್ಟೋಬರ್ 10ಕ್ಕೆ ಅವರ ಉಪಾಧ್ಯಕ್ಷ ಆಗ್ನ್ಯೂ ಭ್ರಷ್ಟಾಚಾರದ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟರು. 20ಕ್ಕೆ ನಿಕ್ಸನ್ ವಾಟರ್‌ಗೇಟ್ ಹಗರಣದಲ್ಲಿ ತಮ್ಮ ಮೇಲೆ ತನಿಖೆ ಮಾಡುತ್ತಿದ್ದ ಅಧಿಕಾರಿಯನ್ನು ತೆಗೆಸಿದರು, ದೇಶವೆಲ್ಲ ಎದ್ದು ನಿಂತಿತು. ವಿಮಾನಗಳು ಇನ್ನೂ ಹಾರುತ್ತಿದ್ದವು. 24ರ ರಾತ್ರಿ, ಸೋವಿಯತ್ ಒಕ್ಕೂಟ ಸೇನೆ ಇಳಿಸಬಹುದು ಎಂಬ ಭಯದಲ್ಲಿ ಅಮೆರಿಕ ತನ್ನ ಪಡೆಗಳನ್ನು, ಅಣುಬಾಂಬಿನ ಪಡೆಗಳನ್ನೂ ಸೇರಿಸಿ, ಎಚ್ಚರದ ಸ್ಥಿತಿಗೆ ತಂದಿತು. ಆ ತೀರ್ಮಾನ ತೆಗೆದುಕೊಂಡ ಸಭೆಯಲ್ಲಿ ಅಧ್ಯಕ್ಷರೇ ಇರಲಿಲ್ಲ. ಅವರು ಮುಳುಗಿದ್ದುದು ತಮ್ಮ ಹಗರಣದಲ್ಲಿ. ಮುಂದಿನ ಆಗಸ್ಟಿನಲ್ಲಿ ಕುರ್ಚಿಯನ್ನೇ ಬಿಟ್ಟರು.

ಆದ್ದರಿಂದ ಪ್ರತಿ ದೋಷದ ಮುಂದೆ ಒಂದೇ ಪ್ರಶ್ನೆ ಬರೆಯಿರಿ: ಕಷ್ಟದ ರಾತ್ರಿಯಲ್ಲಿ ಇದು ಈ ವ್ಯಕ್ತಿಯನ್ನು ಕುರ್ಚಿಯಿಂದ ಎಳೆದುಕೊಂಡು ಹೋಗುತ್ತದೆಯೇ? ಹೌದು ಎಂದಾದರೆ ಅದು ಇಸ್ರೇಲಿನದೂ ತೊಂದರೆ. ಬೆಂಬಲದ ತಟ್ಟೆಯಲ್ಲಿ ಎಷ್ಟೇ ಇದ್ದರೂ ಕಳೆಯಬೇಕು.

ಬೆಂಬಲದ ಬಟ್ಟೆ ತೊಟ್ಟ ದೋಷ

ಗಿಂಗ್ರಿಚ್ 2011ರ ಡಿಸೆಂಬರಿನಲ್ಲಿ ಪ್ಯಾಲೆಸ್ತೀನಿಯರು ಎಂಬುದು ಕಲ್ಪನೆಯಲ್ಲಿ ಕಟ್ಟಿಕೊಂಡ ಜನ, ಹಿಂದೆ ಹಾಗೊಂದು ಜನವೇ ಇರಲಿಲ್ಲ ಎಂಬರ್ಥದ ಮಾತಾಡಿದರು. ಸೊಸೆ ಅದನ್ನು ಬೆಂಬಲದ ಸಾಲಿನಲ್ಲಿ ಬರೆದಿದ್ದಳು. ತೆಗೆ, ದೋಷದ ಸಾಲಿಗೆ ಹಾಕು ಎಂದೆ. ಅವಳಿಗೆ ಕೋಪ ಬಂತು. ಎರಡು ದಿನ ಫೋನ್ ಮಾಡಲಿಲ್ಲ.

ನಾನು ಹೇಳಿದ್ದು ಹೀಗೆ. ನಮ್ಮ ಪಕ್ಕದ ತೋಟದವರಿಗೂ ಆಚೆಯವರಿಗೂ ಬೇಲಿಯ ತಕರಾರು ಇದೆ ಎಂದುಕೊಳ್ಳಿ. ನಾವು ಪಕ್ಕದವರ ಸ್ನೇಹಿತರು. ಸರ್ವೆ ಮಾಡಿಸಿ, ಸಾಕ್ಷಿ ಹೇಳುತ್ತೇವೆ, ಕಳ್ಳರು ಬಂದರೆ ಓಡಿ ಬರುತ್ತೇವೆ ಎಂದರೆ ಅದು ಬೆಂಬಲ. ಆಚೆ ಮನೆಯವರು ಜನವೇ ಅಲ್ಲ ಎಂದರೆ ಬೇಲಿ ಇನ್ನು ಮೂರು ತಲೆಮಾರು ಸರಿಹೋಗುವುದಿಲ್ಲ. ಅಲ್ಲೇ ಬದುಕಬೇಕಾದವರು ನಮ್ಮ ಸ್ನೇಹಿತರು, ನಾವಲ್ಲ. ಅಶ್ಕೆಲೋನ್‌ನ ಆ ಅಕ್ಕನಿಗೂ ಮುಂದೆ ಒಂದು ದಿನ ಗಾಜಾದವರ ಪಕ್ಕದಲ್ಲೇ ನಿದ್ದೆ ಮಾಡಬೇಕಲ್ಲ.

2023ರ ಅಕ್ಟೋಬರ್ 7ರಂದು ಗಾಜಾದ ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು. ಆ ದಿನಗಳಲ್ಲಿ ಈ ಸಾಲಿನ ವಿಷಯ ನಾವಿಬ್ಬರೂ ಮತ್ತೆ ಮಾತಾಡಿದೆವು. ಈಗ ಅವಳು ನನ್ನ ಜೊತೆ ವಾದ ಮಾಡುವುದಿಲ್ಲ.

ಇದಕ್ಕೆ ಉಲ್ಟಾ ಒಂದು ಉಂಟು, ವಿರೋಧದ ಬಟ್ಟೆ ತೊಟ್ಟದ್ದು. ಸೊಸೆ ಮೊದಲ ದಿನ ಬಿಟ್ಟಿದ್ದ ಆ ಒಬ್ಬರು ರಾನ್ ಪಾಲ್. ಇಸ್ರೇಲಿಗೆ ನೆರವು ಬೇಡ ಎಂದರು. ಆದರೆ ಅವರು ಬೇಡ ಎಂದದ್ದು ಎಲ್ಲರಿಗೂ, ಇಸ್ರೇಲಿನ ಶತ್ರುಗಳಿಗೂ. ಇಸ್ರೇಲ್ ತನ್ನ ತೀರ್ಮಾನ ತಾನೇ ಮಾಡಲಿ, ನಮ್ಮನ್ನು ಯಾಕೆ ಕೇಳಬೇಕು ಎಂದೂ ಹೇಳಿದರು. ಮೂವತ್ತು ವರ್ಷ ಒಂದೇ ಮಾತು. ನನಗೆ ಒಪ್ಪಿಗೆ ಇರಲಿಲ್ಲ, ಆದರೆ ಔಟ್‌ಟರ್ನ್ ಪೂರ್ತಿ. ಅವರ ಚೀಲದ ಹುಳುಕು ಬೇರೆ ಕಡೆ ಇತ್ತು. ಅವರ ಹೆಸರಿನಲ್ಲಿ ಹೊರಟ ಹಳೆಯ ಸುದ್ದಿಪತ್ರಗಳಲ್ಲಿ ಕರಿಯರ ಬಗ್ಗೆ ಕೆಟ್ಟ ಬರಹಗಳಿದ್ದವು. ನಾನು ಬರೆದದ್ದಲ್ಲ ಎಂದರು. ಸ್ವಂತ ಹೆಸರಿನ ಚೀಲದೊಳಗೆ ಏನಿದೆ ಎಂದು ನೋಡದವರ ಬಗ್ಗೆ ನನಗೆ ಹೆದರಿಕೆ ಇದೆ, ಅದಕ್ಕೆ ಕಾರಣವೂ ಇದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಬೆಳೆಗಾರರ ಕಾಫಿ ಬಂತು. ಊರಿಗೆಲ್ಲ ಒಳ್ಳೆಯವರು, ನನ್ನ ಮದುವೆಗೂ ಬಂದಿದ್ದವರು. ಮೇಲಿನ ಎರಡು ಚೀಲಕ್ಕೆ ಮಾತ್ರ ಕೊಳವೆ ಚುಚ್ಚಿ ನೋಡಿ ಸರಿ ಎಂದು ಬರೆದೆ. ಒಳಗಿನ ಚೀಲಗಳಲ್ಲಿ ತೇವವಿತ್ತು, ಬೂಜು ಹಿಡಿದಿತ್ತು. ಪಕ್ಕದ ಕಾಫಿಗೂ ವಾಸನೆ ಹತ್ತಿತು. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು. ಅಂದಿನಿಂದ, ಇಷ್ಟವಾದವರ ಚೀಲಕ್ಕೆ ಎರಡು ಸಲ ಚುಚ್ಚುತ್ತೇನೆ. ನಿಮಗೆ ಮೆಚ್ಚಿಗೆಯಾದ ಅಭ್ಯರ್ಥಿಯ ವಿರೋಧಿಗಳು ಏನು ಬರೆದಿದ್ದಾರೆ ಎಂದು ಓದುವುದು ಅದೇ ಎರಡನೆಯ ಚುಚ್ಚು.

ದಾಖಲೆಯೇ ಇಲ್ಲದವರು ಬಂದಾಗ

ನಮ್ಮ ಹಾಳೆ ಒಂದು ಸಲ ಸೋತಿತು, ಅದನ್ನೂ ಹೇಳಬೇಕು. 2016ರಲ್ಲಿ ಟ್ರಂಪ್ ನಿಂತರು. ಹಿಂದೆ ಯಾವ ಹುದ್ದೆಯಲ್ಲೂ ಇರಲಿಲ್ಲ, ಒಂದು ಮತದ ದಾಖಲೆಯೂ ಇಲ್ಲ. ಫೆಬ್ರುವರಿಯಲ್ಲಿ ಇಸ್ರೇಲ್, ಪ್ಯಾಲೆಸ್ತೀನ್ ನಡುವೆ ನಾನು ತಟಸ್ಥ ಎಂದರು. ಮಾರ್ಚಿನಲ್ಲಿ ರಾಯಭಾರ ಕಚೇರಿ ಸಾಗಿಸುತ್ತೇನೆ ಎಂದರು. ಹೊಟ್ಟು ಎಂದು ಬರೆದೆವು. 2017ರ ಡಿಸೆಂಬರ್ 6ಕ್ಕೆ ಜೆರುಸಲೇಮನ್ನು ರಾಜಧಾನಿ ಎಂದು ಒಪ್ಪಿದರು, 2018ರ ಮೇ 14ಕ್ಕೆ ಕಚೇರಿ ತೆರೆಯಿತು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಇದರ ವಿರುದ್ಧ 128 ಮತ ಬಿದ್ದವು, ಅದರಲ್ಲಿ ಭಾರತದ್ದೂ ಒಂದು. 2020ರಲ್ಲಿ ಅವರ ಸರ್ಕಾರದ ಮಧ್ಯಸ್ಥಿಕೆಯಲ್ಲಿ ಯುಎಇ, ಬಹರೇನ್ ಜೊತೆ ಇಸ್ರೇಲಿಗೆ ಒಪ್ಪಂದವಾಯಿತು.

ಬೆಂಬಲದ ಸಾಲಿನಲ್ಲಿ ನಾವು ತಪ್ಪಿದ್ದೆವು. ದೋಷದ ಸಾಲು ತಪ್ಪಿರಲಿಲ್ಲ. ಯಹೂದಿಗಳ ನರಮೇಧವನ್ನೇ ಅಲ್ಲಗಳೆಯುವ ಒಬ್ಬರು 2022ರ ನವೆಂಬರಿನಲ್ಲಿ ಟ್ರಂಪ್ ಅವರ ಊಟದ ಮೇಜಿನಲ್ಲಿ ಕೂತಿದ್ದರು. ಅವರು ಯಾರೆಂದು ಗೊತ್ತಿರಲಿಲ್ಲ ಎಂದು ಟ್ರಂಪ್ ಹೇಳಿದರು. 2024ರ ಮೇನಲ್ಲಿ ನ್ಯೂಯಾರ್ಕಿನಲ್ಲಿ 34 ಆರೋಪಗಳಲ್ಲಿ ಟ್ರಂಪ್ ಅಪರಾಧಿ ಎಂದು ತೀರ್ಪಾಯಿತು. ಇವೆರಡನ್ನೂ ಯಾವ ಗುಡ್ಡೆಗೆ ಹಾಕಬೇಕೆಂದು ಓಟು ಇರುವವರು ತೀರ್ಮಾನಿಸಲಿ. ಹಾಕದೆ ಬಿಡುವುದು ಮಾತ್ರ ಬೇಡ.

ದಾಖಲೆ ಇಲ್ಲದವರಿಗೆ ಈಗ ನಾವು ಬೇರೆ ರೀತಿ ನೋಡುತ್ತೇವೆ. ಅವರನ್ನು ಗೆಲ್ಲಿಸುವ ಜನ ಯಾರು, ಆ ಜನ ಇಸ್ರೇಲ್ ವಿಷಯದಲ್ಲಿ ಮಾತು ತಪ್ಪಿದರೆ ಕ್ಷಮಿಸುತ್ತಾರೆಯೇ? ರಿಪಬ್ಲಿಕನ್ ಪಕ್ಷದಲ್ಲಿ ಇವಾಂಜೆಲಿಕಲ್ ಕ್ರೈಸ್ತರ ದೊಡ್ಡ ಭಾಗಕ್ಕೆ ಇಸ್ರೇಲ್ ಎಂದರೆ ಧರ್ಮದ ವಿಷಯ. ನಾವು 2016ರಲ್ಲಿ ಇದನ್ನು ಎಣಿಸಿರಲಿಲ್ಲ. 2023ರಲ್ಲಿ ಅಭ್ಯರ್ಥಿ ವಿವೇಕ್ ರಾಮಸ್ವಾಮಿ 2028ರ ನಂತರ ಇಸ್ರೇಲಿಗೆ ಈ ನೆರವು ಬೇಕಾಗದಂತೆ ಮಾಡೋಣ ಎಂದಾಗ, ಆಗಸ್ಟಿನ ಚರ್ಚೆಯಲ್ಲಿ ಇನ್ನೊಬ್ಬ ಅಭ್ಯರ್ಥಿ ನಿಕ್ಕಿ ಹೇಲಿ ಅವರನ್ನು ಹಿಡಿದುಕೊಂಡರು. ಹೇಲಿ ಅವರಿಗೆ ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿ ಎರಡು ವರ್ಷದ ದಾಖಲೆ ಇತ್ತು, ರಾಮಸ್ವಾಮಿ ಅವರಿಗೆ ಏನೂ ಇರಲಿಲ್ಲ. ಇಬ್ಬರೂ ಭಾರತದ ಮೂಲದವರು ಎಂದು ನಮ್ಮ ಕಡೆ ಖುಷಿಪಟ್ಟವರು ಬಹಳ. ಹಾಳೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ಕೊನೆಯದಾಗಿ, ಓಟು ಹಾಕಿದ ಮೇಲೆ ಹಾಳೆ ಹರಿಯಬೇಡಿ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸರಕು ಹೋದ ಮೇಲೂ ಸ್ಯಾಂಪಲ್ ಪೊಟ್ಟಣವನ್ನು ಹೆಸರು, ತಾರೀಕು ಬರೆದು ಕಪಾಟಿನಲ್ಲಿ ಇಡುತ್ತಿದ್ದೆವು. ಆಚೆಯಿಂದ ತಕರಾರು ಬಂದರೆ ಅದನ್ನೇ ತೆಗೆದು ನೋಡುವುದು. ಸೊಸೆಯ 2012ರ ಹಾಳೆ ಇನ್ನೂ ಇದೆ. ರಾಯಭಾರ ಕಚೇರಿಯ ಸಾಲಿನಲ್ಲಿ ನಾವು ಬರೆದಿದ್ದ “ಹೊಟ್ಟು” ಎಂಬ ಪದದ ಪಕ್ಕ, ಬೇರೆ ಶಾಯಿಯಲ್ಲಿ, ಅವಳು 14 ಮೇ 2018 ಎಂದು ಬರೆದಿದ್ದಾಳೆ.